ಕೂಸಿನ ಕೈಗೆ ಕಾಯಿಪಲ್ಯ

ಗೃಹಿಣಿಯರಿಂದ ನಮ್ಮ ಕಚೇರಿಗೆ ಬರುವ ಓಲೆಗಳಲ್ಲಿ ರಾಜಕಾರಣದ ಮಾತು ಅಪರೂಪ. ಮಕ್ಕಳ ಊಟದ ಮಾತು ಧಾರಾಳ. ಡೊಂಬಿವಲಿಯಿಂದ ಬರಲಿ, ಘಾಟ್ಕೋಪರದಿಂದ ಬರಲಿ, ದೂರದ ಪುಣೆಯಿಂದಲೇ ಬರಲಿ, ಅವುಗಳ ಪಲ್ಲವಿ ಮಾತ್ರ ಒಂದೇ: “ಮಗುವಿಗೆ ವರುಷ ತುಂಬಿತು, ಕಾಯಿಪಲ್ಯವೆಂದರೆ ಮುಖ ತಿರುಗಿಸುತ್ತದೆ, ಬಿಸ್ಕತ್ತು, ಪೊಟ್ಟಣದ ಕುರುಕಲು ಕಂಡರೆ ಮಾತ್ರ ಕೈಚಾಚುತ್ತದೆ, ಏನು ಮಾಡೋಣ?” ಇದಕ್ಕೆ ಉತ್ತರ ಹೇಳಲು ನಾವು ವೈದ್ಯರಲ್ಲ, ಎಸ್.ಎಸ್.ಎಲ್.ಸಿ.ಯಾಚೆಗೆ ಓದಿದವರೂ ಅಲ್ಲ. ಆದರೆ ಪತ್ರಿಕೆಯ ಕುರ್ಚಿಗೆ ಬರುವ ಮುನ್ನ ಹದಿನೆಂಟು ವರುಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆಯೂ, ಅದರ ಅಡುಗೆಮನೆಯ ಉರಿಯ ಮುಂದೆಯೂ ಕಳೆದವರು. ಜನರು ಹೇಗೆ ತಿನ್ನುತ್ತಾರೆಂಬುದನ್ನು ನೋಡುವುದೇ ನಮ್ಮ ಕಸಬಾಗಿತ್ತು.

ಗಲ್ಲಾಪೆಟ್ಟಿಗೆಯಿಂದ ನಾವು ಕಂಡ ಒಂದು ನೋಟವನ್ನು ಮೊದಲು ಹೇಳಿಬಿಡುತ್ತೇವೆ. ತಾಯಿ ಉಪ್ಪಿಟ್ಟಿನ ಚಮಚವನ್ನು ಮಗುವಿನ ಬಾಯಿಗೆ ಹಿಡಿಯುತ್ತಾಳೆ. ಮಗು ತುಟಿ ಬಿಗಿದು ತಲೆಯಾಡಿಸುತ್ತದೆ. ತಾಯಿ ಸೋತು, ಮಾಣಿಗೆ ಏನೋ ಹೇಳಲು ಅತ್ತ ತಿರುಗುವಷ್ಟರಲ್ಲಿ ಅದೇ ಮಗು ತಂದೆಯ ತಟ್ಟೆಯ ಸಾಗುವಿನಿಂದ ಒಂದು ಗಜ್ಜರಿಯ ತುಂಡನ್ನು ಕೈಯಾರೆ ಎತ್ತಿಕೊಂಡು ಜಗಿಯತೊಡಗುತ್ತದೆ. ಇದನ್ನು ಒಂದೆರಡು ಸಲವಲ್ಲ, ಎಷ್ಟೋ ಸಲ ಕಂಡಿದ್ದೇವೆ. ಕೂಸಿಗೆ ಬೇಡವಾದುದು ಚಮಚ. ಕಾಯಿಪಲ್ಯ ಬೇಡವೆಂದು ಅದು ಎಂದೂ ಹೇಳಿದ್ದಿಲ್ಲ ಎಂಬ ಗುಮಾನಿ ನಮಗೆ ಅಂದಿನಿಂದಲೇ ಹುಟ್ಟಿತು. ಕಾಯಿಪಲ್ಯವನ್ನು ಬೆರಳಿನಷ್ಟು ತುಂಡುಗಳಾಗಿ ಬೇಯಿಸಿ, ಅದರ ಕೈಗೇ ಕೊಡುವ ವಿಚಾರವನ್ನು ಇಂದು ಬರೆಯಲು ಹೊರಟಿರುವುದೂ ಆ ಗುಮಾನಿಯಿಂದಲೇ.

ಇದು ಮನೆಮನೆಯ ಸಣ್ಣ ಹಟವೆಂದು ನಗೆಯಾಡಿ ಬಿಡುವ ವಿಷಯವಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿನಿಂದ ಐದು ವರುಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆಯಿತ್ತು. ಅದಕ್ಕೆ ಹಿಂದಿನ 2015-16ರ ಸಮೀಕ್ಷೆಯಲ್ಲಿ ಈ ಸಂಖ್ಯೆ 58ರ ಮೇಲಿತ್ತು. ಎಂದರೆ ಇಳಿಯಬೇಕಾದುದು ಏರಿತು. ಕರ್ನಾಟಕವಾಗಲಿ, ನಾವು ಬಿಡಾರ ಹೂಡಿರುವ ಮಹಾರಾಷ್ಟ್ರವಾಗಲಿ ಈ ಲೆಕ್ಕದಲ್ಲಿ 60ನ್ನು ದಾಟಿದವುಗಳೇ. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನಮ್ಮನ್ನು ಇನ್ನಷ್ಟು ಕಾಡಿತು: ಎರಡು ವರುಷದೊಳಗಿನ ಶಿಶುಗಳಲ್ಲಿ ಸಾಕಷ್ಟು ಬಾರಿ, ಸಾಕಷ್ಟು ಬಗೆಯ ಆಹಾರ ದೊರೆತವರು ನೂರಕ್ಕೆ 11 ಮಂದಿ ಮಾತ್ರ. ಇವರೆಲ್ಲರೂ ಬಡವರ ಮಕ್ಕಳೆಂದು ಯಾರೂ ಭ್ರಮಿಸಬೇಡಿರಿ. ಅನ್ನಪ್ರಾಶನವನ್ನು ಸಡಗರದಿಂದ ನೆರವೇರಿಸಿ, ಮರುದಿನದಿಂದ ಹಾಲು, ಬಿಸ್ಕತ್ತು, ತಿಳಿಸಾರಿನ ಅನ್ನ ಈ ಮೂರರಲ್ಲೇ ಒಂದು ವರುಷ ಕಳೆದುಬಿಡುವ ಸ್ಥಿತಿವಂತರ ಮನೆಗಳು ನಮ್ಮ ಪರಿಚಯದಲ್ಲಿಯೇ ಬೇಕಾದಷ್ಟಿವೆ.

ಕಾಯಿಪಲ್ಯವೊಂದೇ ರಕ್ತಹೀನತೆಯನ್ನು ಕಳೆಯಲಾರದು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅದಕ್ಕಾಗಿಯೇ ಸರಕಾರವು ಈ ವಯಸ್ಸಿನ ಮಕ್ಕಳಿಗೆ ವಾರಕ್ಕೆರಡು ಬಾರಿ ಕಬ್ಬಿಣಾಂಶದ ದ್ರವವನ್ನು ಕೊಡಿಸುವ ಏರ್ಪಾಡು ಮಾಡಿದೆ. ಅದನ್ನು ವೈದ್ಯರಲ್ಲಿ ವಿಚಾರಿಸತಕ್ಕದ್ದು. ಆದರೆ ನಾಲಗೆಯ ರುಚಿ ಬೆಳೆಯುವುದು ಔಷಧಿಯಿಂದಲ್ಲ. ಸೋರೆ, ಕುಂಬಳ, ಸೊಪ್ಪುಗಳ ಪರಿಚಯ ಎರಡು ವರುಷದೊಳಗೆ ಆಗದಿದ್ದರೆ, ಆಮೇಲೆ ಎಷ್ಟು ಕಷ್ಟಪಡಬೇಕೆಂಬುದನ್ನು ಹತ್ತು ವರುಷದ ಮಕ್ಕಳಿರುವ ತಾಯಂದಿರೇ ಬಲ್ಲರು.

ಕೂಸಿನ ಕೈಯನ್ನು ನಂಬಬಹುದೇ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಪರೀಕ್ಷಿಸಿ ನೋಡಿದವರು ಅಮೆರಿಕೆಯ ಕ್ಲಾರಾ ಡೇವಿಸ್ ಎಂಬ ಶಿಶುವೈದ್ಯೆ. ಎದೆಹಾಲು ಬಿಟ್ಟ ಶಿಶುಗಳ ಮುಂದೆ ಬಗೆಬಗೆಯ ತರಕಾರಿ, ಹಣ್ಣು, ಧಾನ್ಯ, ಮೊಟ್ಟೆ, ಮಾಂಸ, ಹಾಲುಗಳನ್ನು ಬೇರೆ ಬೇರೆ ಬಟ್ಟಲುಗಳಲ್ಲಿಟ್ಟು, ದಾದಿಯನ್ನು ಪಕ್ಕದಲ್ಲಿ ಸುಮ್ಮನೆ ಕುಳ್ಳಿರಿಸಿದರು. ಮಗು ಕೈಚಾಚಿ ತೋರಿಸುವವರೆಗೆ ದಾದಿ ಚಮಚ ಮುಟ್ಟಕೂಡದು. ಇದು ಒಳ್ಳೆಯದು, ಅದು ಕೆಟ್ಟದು ಎನ್ನಕೂಡದು. 1928ರಲ್ಲಿ ಮೊದಲ ವರದಿಯನ್ನೂ, 1939ರಲ್ಲಿ 15 ಮಕ್ಕಳ ವೃತ್ತಾಂತವನ್ನೂ ಅವರು ಪ್ರಕಟಿಸಿದರು. ಒಂದು ಮಗು ಆಯ್ದುದನ್ನು ಇನ್ನೊಂದು ಆಯಲಿಲ್ಲ. ಇಂದು ಮೆಚ್ಚಿದುದನ್ನು ನಾಳೆ ಒಲ್ಲೆನೆಂದವೂ ಉಂಟು. ಆದರೂ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದುವು. ಇದನ್ನು ಓದಿ ‘ಮಗು ಕೇಳಿದ್ದನ್ನೆಲ್ಲ ಕೊಡೋಣ’ ಎಂದು ಹೊರಡುವವರಿಗೆ ಡೇವಿಸ್ಸರೇ ಒಂದು ಎಚ್ಚರಿಕೆ ಕೊಟ್ಟಿದ್ದಾರೆ: ಇದರ ಗುಟ್ಟೆಲ್ಲ ಬಟ್ಟಲುಗಳ ಪಟ್ಟಿಯಲ್ಲಿತ್ತು. ಅಲ್ಲಿ ಸಕ್ಕರೆಯಿರಲಿಲ್ಲ, ಡಬ್ಬಿಯ ಆಹಾರವಿರಲಿಲ್ಲ. ಬಟ್ಟಲು ಇಡುವ ಕೆಲಸ ದೊಡ್ಡವರದು, ಆಯುವ ಕೆಲಸ ಮಗುವಿನದು. ಹೋಟೆಲಿನಲ್ಲಿಯೂ ಪದ್ಧತಿ ಇದೇ ಅಲ್ಲವೆ? ತಿಂಡಿಯ ಹಲಗೆ ಬರೆಯುವವರು ನಾವು. ಗಿರಾಕಿಯ ಬಾಯಿಗೆ ತುರುಕುವ ಅಧಿಕಾರ ನಮಗಿಲ್ಲ.

ಇನ್ನು ಬೇಯಿಸುವ ವಿಧಾನ. ಎಣ್ಣೆಯಲ್ಲಿ ಕರಿಯದೆ, ನೀರಿನಲ್ಲಿ ಕುದಿಸದೆ, ಸುತ್ತಲಿನ ಒಣಶಾಖದಿಂದ ಬೇಯಿಸುವುದು ಬೇಕರಿಯವರ ವಿದ್ಯೆ, ನಮ್ಮದಲ್ಲ ಎಂಬ ಭಾವನೆ ನಮ್ಮವರಲ್ಲಿದೆ. ಇದು ಪೂರ್ತಿ ನಿಜವಲ್ಲ. ಕಾರವಾರ, ಗೋವೆಗಳ ಕಡೆಯ ತವಸಳಿಯನ್ನು ನೆನೆಯಿರಿ. ಬೆಳೆದ ಸೌತೆಕಾಯಿಯ ತುರಿ, ಅಕ್ಕಿಯ ರವೆ, ಬೆಲ್ಲ, ಕಾಯಿತುರಿ ಕಲಸಿ, ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುತ್ತಿದ್ದ ಆ ಕಡುಬು ಕಾಯಿಪಲ್ಯದ ಕೇಕಲ್ಲದೆ ಮತ್ತೇನು? ಮುಂಬಯಿಯಲ್ಲಂತೂ ಇನ್ನೂ ಹತ್ತಿರದ ಗುರುವಿದ್ದಾರೆ: ಘಾಟ್ಕೋಪರ, ಮುಲುಂಡ, ಕಾಂದಿವಲಿಗಳಲ್ಲಿ ನಮ್ಮ ಗೋಡೆಗೆ ಗೋಡೆ ತಾಗಿಸಿಕೊಂಡಿರುವ ಗುಜರಾತಿ ಬಂಧುಗಳು. ಅವರ ಹಾಂಡವೋ ಎಂಬ ತಿಂಡಿ ಅಕ್ಕಿ ಬೇಳೆಗಳ ಹುದುಗಿದ ಹಿಟ್ಟಿಗೆ ಸೋರೆಕಾಯಿಯ ತುರಿ ಬೆರೆಸಿ, ಮೇಲೆ ಎಳ್ಳು ಉದುರಿಸಿ ಬೇಯಿಸುವಂಥದು. ಹಿಟ್ಟು ನಮ್ಮ ಇಡ್ಲಿ ಹಿಟ್ಟಿನ ದಾಯಾದಿಯೇ. ಅದಕ್ಕೆಂದೇ ಅಲ್ಯೂಮಿನಿಯಮ್ಮಿನ ಒಂದು ಪಾತ್ರೆಯುಂಟು. ಕೆಳಗಿನ ತಟ್ಟೆಯಲ್ಲಿ ಮರಳು ಹಾಕಿ ಗ್ಯಾಸಿನ ಒಲೆಯ ಮೇಲಿಟ್ಟರೆ ಮರಳಿನ ಕಾವು ಹಿಟ್ಟನ್ನು ಸೀಯಗೊಡದೆ ನಿಧಾನವಾಗಿ ಬೇಯಿಸುತ್ತದೆ. ವಿದ್ಯುತ್ತಿನ ಓವನ್ ಇಲ್ಲದ ಮನೆಗೆ ಇಷ್ಟು ಸಾಕು.

ಓವನ್ ಇಲ್ಲದಿದ್ದರೂ ಮುಂಬಯಿಗೆ ಬೇಕಿಂಗ್ ಹೊಸದಲ್ಲ. ದೀಪಾವಳಿಗೆ ಮುನ್ನ ಚಾಳಿನ ಹೆಂಗಸರು ನಾನ್‌ಖಟಾಯಿಯ ಹಿಟ್ಟು ಕಲಸಿ, ತಗಡಿನ ತಟ್ಟೆಗಳಲ್ಲಿ ಹೊತ್ತು, ಬೀದಿಯ ಬೇಕರಿಯ ಭಟ್ಟಿಯಲ್ಲಿ ಬೇಯಿಸಿಕೊಂಡು ಬರುತ್ತಿದ್ದುದನ್ನು ಹಿರಿಯ ವಾಚಕರು ಮರೆತಿರಲಾರರು. ಈಗ ಮೇಜಿನ ಮೇಲಿಡುವ ಸಣ್ಣ ಓವನ್ನುಗಳು ಮಧ್ಯಮವರ್ಗದ ಮನೆಗಳಿಗೂ ಬಂದಿವೆ; ಅವುಗಳಲ್ಲಿ ಹಲವು ಹುಟ್ಟುಹಬ್ಬದ ಕೇಕಿಗಾಗಿ ವರುಷಕ್ಕೆರಡು ಸಲ ಬಿಸಿಯಾಗಿ, ಉಳಿದ ದಿನ ಮೇಲೊಂದು ಕಸೂತಿಯ ಬಟ್ಟೆ ಹೊದ್ದು ಕುಳಿತಿರುತ್ತವೆ. ಅವುಗಳಿಗೆ ಕೆಲಸ ಕೊಡೋಣ. ಓವನ್ನೂ ಹಾಂಡವೋ ಪಾತ್ರೆಯೂ ಇಲ್ಲದವರು ದಪ್ಪ ತಳದ ಅಗಲ ಪಾತ್ರೆಯಲ್ಲಿ ಒಂದಂಗುಲ ಮರಳನ್ನೋ ಕಲ್ಲುಪ್ಪನ್ನೋ ಹರಡಿ, ಅದರ ಮೇಲೆ ಅಡ್ಡಣಿಗೆಯಿಟ್ಟು, ತಟ್ಟೆಯನ್ನು ಅದರ ಮೇಲಿರಿಸಿ ಮುಚ್ಚಬಹುದು. ಪ್ರೆಶರ್ ಕುಕ್ಕರನ್ನು ನೀರಿಲ್ಲದೆ ಒಲೆಗಿಡುವ ರೂಢಿ ಕೆಲವರಲ್ಲಿದೆ; ನಾವು ಅದನ್ನು ಒಪ್ಪುವುದಿಲ್ಲ.

ಈಗ ಅಡುಗೆಮನೆಗೆ ಹೋಗೋಣ. ಕಾಯಿಪಲ್ಯ ಬೇಯಿಸುವವನ ಮೊದಲ ಶತ್ರು ನೀರು. ಸೋರೆಕಾಯಿಯಲ್ಲಿ ನೂರರಲ್ಲಿ ತೊಂಬತ್ತು ಪಾಲಿಗೂ ಹೆಚ್ಚು ನೀರೇ. ತುರಿದು ಹಾಗೆಯೇ ಬೆರೆಸಿದರೆ ತಟ್ಟೆಯ ಮೇಲ್ಭಾಗ ಕೆಂಪಾಗಿ, ಒಳಗೆ ಹಸಿ ಗಂಜಿಯಾಗಿ ಉಳಿಯುತ್ತದೆ. ಗೃಹಿಣಿ ಓವನ್ನನ್ನು ಶಪಿಸುತ್ತಾಳೆ. ತುರಿಯನ್ನು ತೆಳುಬಟ್ಟೆಯಲ್ಲಿ ಹಿಂಡಬೇಕು. ಹಿಂಡಿದ ನೀರನ್ನು ಚೆಲ್ಲದೆ ಮನೆಯವರ ಸಾರಿಗೆ ಹಾಕಬೇಕು. ಉಳಿದ ತೇವವನ್ನು ಕಡಲೆಹಿಟ್ಟೋ ರವೆಯೋ ಹೀರಿಕೊಳ್ಳುತ್ತದೆ. ಇನ್ನೊಂದು ಮುಖ್ಯ ಮಾತು: ಸೋರೆಕಾಯಿಯ ಒಂದು ಚೂರನ್ನು ಮೊದಲು ನಾಲಗೆಗೆ ಮುಟ್ಟಿಸಿ ನೋಡಿರಿ. ಕಹಿಯಿದ್ದರೆ ಇಡೀ ಕಾಯನ್ನು ಬಿಸಾಡಿರಿ. ಕಹಿ ಸೋರೆ ದೊಡ್ಡವರಿಗೂ ವಿಷ.

ನಮ್ಮ ಹಾಂಡವೋಗೆ ಬೇಕಾದುದು ಇಷ್ಟು: ಉಪ್ಪು ಹಾಕುವ ಮುನ್ನವೇ ಬೇರೆ ತೆಗೆದಿರಿಸಿ ಹುದುಗಿಸಿದ ಗಟ್ಟಿ ಇಡ್ಲಿ ಹಿಟ್ಟು 2 ಬಟ್ಟಲು, ಹಿಂಡಿದ ಸೋರೆತುರಿ 1 ಬಟ್ಟಲು, ಗಜ್ಜರಿಯ ತುರಿ ಅರ್ಧ ಬಟ್ಟಲು, ಕಡಲೆಹಿಟ್ಟು 4 ದೊಡ್ಡ ಚಮಚ, ಎಣ್ಣೆ 2 ದೊಡ್ಡ ಚಮಚ, ಚೂರು ಶುಂಠಿರಸ, ಜೀರಿಗೆಯ ಪುಡಿ, ಸಣ್ಣಗೆ ಹೆಚ್ಚಿದ ಕೊತ್ತಂಬರಿ. ಎಣ್ಣೆ ಸವರಿದ ತಟ್ಟೆಯಲ್ಲಿ ಒಂದಂಗುಲದ ದಪ್ಪಕ್ಕೆ ಸುರಿದು, ಮೇಲೆ ಎಳ್ಳು ಉದುರಿಸಿ, ಮೊದಲೇ ಕಾದ ಓವನ್ನಿನಲ್ಲಿ 180 ಡಿಗ್ರಿ ಸೆಂಟಿಗ್ರೇಡಿನಲ್ಲಿ 30ರಿಂದ 35 ನಿಮಿಷ ಬೇಯಿಸಬೇಕು. ಕಡ್ಡಿ ಚುಚ್ಚಿದರೆ ಅಂಟಬಾರದು. ಹೊರತೆಗೆದ ಕೂಡಲೆ ಕೊಯ್ದರೆ ಪುಡಿಯಾಗುತ್ತದೆ. ಕಾಲು ಗಂಟೆ ತಣಿಯಗೊಟ್ಟು, ದೊಡ್ಡವರ ಕಿರುಬೆರಳಿನ ಉದ್ದಕ್ಕೆ ಕೊಯ್ಯಬೇಕು. ಮಗುವಿನ ಮುಷ್ಟಿಯೊಳಗೆ ಅರ್ಧ ಅಡಗಿ, ಅರ್ಧ ಮೇಲೆ ಉಳಿಯಬೇಕು. ಆರೇಳು ತಿಂಗಳ ಕೂಸಿಗೆ ಮುಷ್ಟಿ ಬಿಡಿಸಿ ಒಳಗಿನದನ್ನು ತಿನ್ನುವ ಉಪಾಯ ತಿಳಿದಿರುವುದಿಲ್ಲ. ಹೆಬ್ಬೆರಳು ತೋರುಬೆರಳುಗಳ ಚಿಮುಟ ಒದಗುವುದು ಸುಮಾರು ಒಂಬತ್ತನೆಯ ತಿಂಗಳಿಗೆ. ಸಣ್ಣ ತುಂಡುಗಳನ್ನು ಆಮೇಲೆ ಕೊಡಬಹುದು. ಹಿಟ್ಟು ಹುದುಗಿರುವುದರಿಂದ ಸೋಡಾ ಬೇಕಿಲ್ಲ. ಹಣ್ಣಿನುಪ್ಪು ಹಾಕಿ ದಿಢೀರನೆ ಉಬ್ಬಿಸುವ ಚಾಳಿ ಹೋಟೆಲುಗಳಿಗೂ ಬಂದಿದೆ. ಶಿಶುವಿನ ತಿಂಡಿಗೆ ಅದು ಸಲ್ಲದು, ಅದರಲ್ಲಿರುವುದು ಸೋಡಿಯಮ್ಮೇ.

ಉಪ್ಪಿನ ವಿಷಯವನ್ನು ಬಿಡಿಸಿ ಹೇಳಲೇಬೇಕು. ಬ್ರಿಟನ್ನಿನ ಆರೋಗ್ಯ ಸೇವೆಯವರು ವರುಷ ತುಂಬದ ಮಗುವಿಗೆ ದಿನಕ್ಕೆ 1 ಗ್ರಾಂ ಒಳಗೂ, ಮೂರು ವರುಷದವರೆಗೆ 2 ಗ್ರಾಂ ಒಳಗೂ ಉಪ್ಪಿನ ಮಿತಿ ಹೇಳುತ್ತಾರೆ. ಎದೆಹಾಲಿನಲ್ಲೂ ಸಹಜ ಆಹಾರದಲ್ಲೂ ಸ್ವಲ್ಪ ಇದ್ದೇ ಇರುವುದರಿಂದ, ಮೊದಲ ವರುಷ ನಾವು ಕೈಯಿಂದ ಹಾಕತಕ್ಕದ್ದು ಏನೂ ಇಲ್ಲವೆಂದೇ ತಿಳಿಯಬೇಕು. “ಉಪ್ಪಿಲ್ಲದೆ ಹೇಗೆ ತಿಂದೀತು?” ಎಂದು ಅಜ್ಜಿಯರು ಕೇಳುತ್ತಾರೆ. ಉಪ್ಪಿನ ರುಚಿಯೇ ತಿಳಿಯದ ನಾಲಗೆಗೆ ಅದರ ಕೊರತೆ ಹೇಗೆ ತಿಳಿದೀತು ಎಂದು ನಾವು ಮರುಪ್ರಶ್ನೆ ಹಾಕುತ್ತೇವೆ. ಗಜ್ಜರಿ, ಕುಂಬಳ, ಗೆಣಸುಗಳು ಬೆಂದಾಗ ತಾವಾಗಿಯೇ ಸಿಹಿ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಹೊರಡಿಸಿದ ಶಿಶು ಆಹಾರದ ಸೂಚನೆಗಳಲ್ಲಿಯೂ ಎರಡು ವರುಷದೊಳಗೆ ಉಪ್ಪು ಸಕ್ಕರೆಗಳು ಹೆಚ್ಚಿರುವ ಆಹಾರ ಬೇಡವೆಂದೇ ಇದೆ. ಜೇನಂತೂ ವರುಷ ತುಂಬುವವರೆಗೆ ಒಂದು ಹನಿಯೂ ಕೂಡದು. ಬಾಟುಲಿಸಮ್ ಎಂಬ ಭೀಕರ ರೋಗಕ್ಕೆ ಅದು ದಾರಿಯಾಗಬಹುದು.

ಉಪ್ಪನ್ನು ಬಿಡಿರಿ ಎಂದ ಬಾಯಿಯಿಂದಲೇ ಎಣ್ಣೆ ತುಪ್ಪಗಳನ್ನು ಬಿಡಬೇಡಿರಿ ಎನ್ನುತ್ತೇವೆ. ಕರಿಯುವುದನ್ನು ಬಿಟ್ಟೆವೆಂದರೆ ಜಿಡ್ಡನ್ನೇ ಬಿಟ್ಟೆವೆಂದಲ್ಲ. ಇದು ದೊಡ್ಡವರ ಹೊಟ್ಟೆ ಕರಗಿಸುವ ಪಥ್ಯವಲ್ಲ. ಬೆಳೆಯುವ ಶರೀರಕ್ಕೆ ಜಿಡ್ಡು ಬೇಕು. ಅದಲ್ಲದೆ ಗಜ್ಜರಿ ಕುಂಬಳಗಳ ಕೆಂಬಣ್ಣದಲ್ಲಿರುವ, ಮೈಯಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುವ ಕ್ಯಾರೊಟಿನ್ ಎಂಬ ಸತ್ವ ಮೈಗೂಡುವುದು ಜಿಡ್ಡಿನ ಜೊತೆಗೆ ಮಾತ್ರ. ‘ಎ’ ಜೀವಸತ್ವದ ಕೊರತೆಯಿಂದ ಮಕ್ಕಳು ಕುರುಡಾಗುತ್ತಿದ್ದ ಕಾಲದಲ್ಲಿ, 1970ರಲ್ಲಿ, ಭಾರತ ಸರಕಾರವು ಆ ಜೀವಸತ್ವದ ಹನಿಯನ್ನು ಮಕ್ಕಳಿಗೆ ಹಾಕಿಸುವ ಯೋಜನೆಯನ್ನೇ ಆರಂಭಿಸಬೇಕಾಯಿತು. ಮಾರುಕಟ್ಟೆಯಲ್ಲಿ ಲಾಲ್ ಭೋಪಳಾ ಎಂದು ಕೂಗಿ ಮಾರುವ ಕುಂಬಳ ಸಾಮಾನ್ಯವಾಗಿ ಅಗ್ಗದ ತರಕಾರಿ. ಅಗ್ಗವೆಂಬ ಒಂದೇ ಕಾರಣಕ್ಕೆ ನಮ್ಮವರು ಅದನ್ನು ಕಡೆಗಣಿಸುತ್ತಾರೆ.

ಆ ಕುಂಬಳದ ಕಡ್ಡಿಯೊಂದನ್ನು ಹೇಳುತ್ತೇವೆ. ಬೇಯಿಸಿ ನೀರು ಬಸಿದು ಹಿಸುಕಿದ ಸಿಹಿಗುಂಬಳ 1 ಬಟ್ಟಲು, ಹದವಾಗಿ ಹುರಿದ ರಾಗಿಹಿಟ್ಟು ಅರ್ಧ ಬಟ್ಟಲು, ಕಡಲೆಹಿಟ್ಟು ಕಾಲು ಬಟ್ಟಲು, ತುಪ್ಪ 1 ದೊಡ್ಡ ಚಮಚ, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು ಒಂದು ಹಿಡಿ. ಮಾಟುಂಗಾದ ಪೇಟೆಯಲ್ಲಿ ನುಗ್ಗೆಸೊಪ್ಪು ದೊರೆಯದಿದ್ದ ದಿನ ಪಾಲಕ್ ಆಗಬಹುದು. ಕೈಗೆ ತುಪ್ಪ ಸವರಿ ಬೆರಳಿನಂತೆ ಹೊಸೆದು, ಅದೇ 180 ಡಿಗ್ರಿಯಲ್ಲಿ 20 ನಿಮಿಷ, ನಡುವೆ ಒಮ್ಮೆ ಮಗುಚಿ ಬೇಯಿಸಬೇಕು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣಾಂಶವುಂಟು. ಅಕ್ಕಿ ಗೋಧಿಗಳು ಅದರ ಹತ್ತಿರವೂ ಸುಳಿಯವು. ಊರಿನಲ್ಲಿ ರಾಗಿ ಮಣ್ಣಿ ತಿಂದು ಬೆಳೆದ ನಾವು ಮುಂಬಯಿಗೆ ಬಂದು ಅದನ್ನು ಬಿಟ್ಟೆವು. ಈಗ ದೊಡ್ಡ ಅಂಗಡಿಗಳಲ್ಲಿ ಅದೇ ರಾಗಿ ಚಿತ್ರದ ಪೊಟ್ಟಣದಲ್ಲಿ ಬಂದಾಗ ಹತ್ತು ಪಟ್ಟು ಬೆಲೆ ಕೊಟ್ಟು ಕೊಳ್ಳುತ್ತೇವೆ. ಬರಿಯ ರಾಗಿಯಿಂದ ಮಾಡಿದರೆ ಈ ಕಡ್ಡಿ ಕಲ್ಲಾಗುತ್ತದೆ, ಎಚ್ಚರ; ಮೆತ್ತಗಿಡುವುದು ಕುಂಬಳದ ಕೆಲಸ. ತಿನ್ನುವ ಹೊತ್ತಿಗೆ ಬದಿಯಲ್ಲಿ ಕಿತ್ತಳೆಯ ರಸವನ್ನೋ ನಿಂಬೆ ಹಿಂಡಿದ ಬೇಳೆಯ ಕಟ್ಟನ್ನೋ ಕೊಟ್ಟರೆ ಸೊಪ್ಪಿನ ಕಬ್ಬಿಣಾಂಶ ಇನ್ನಷ್ಟು ಹತ್ತುತ್ತದೆ.

ಗೆಣಸು, ಗಜ್ಜರಿ, ಬೀಟ್‌ರೂಟುಗಳಿಗೆ ಇಷ್ಟು ಉಪಚಾರವೂ ಬೇಡ. ಬೆರಳುದ್ದಕ್ಕೆ ಸೀಳಿ, ಮೊದಲು ಹಬೆಯಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಎಣ್ಣೆ, ಸಣ್ಣ ರವೆ, ಜೀರಿಗೆಪುಡಿಗಳಲ್ಲಿ ಹೊರಳಿಸಿ, 200 ಡಿಗ್ರಿಯಲ್ಲಿ ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಇಟ್ಟರೆ ಆಯಿತು. ರವೆ ಹಚ್ಚುವುದು ಅಂದಕ್ಕಲ್ಲ. ಬೆಂದ ಗೆಣಸು ಜಾರುತ್ತದೆ, ರವೆಯಿದ್ದರೆ ಮಗುವಿನ ಹಿಡಿತಕ್ಕೆ ಸಿಕ್ಕುತ್ತದೆ. ಎಲ್ಲಕ್ಕೂ ಹೊಂಬಣ್ಣವೇ ಗಡಿ. ಪಿಷ್ಟದ ಪದಾರ್ಥ ಒಣಶಾಖದಲ್ಲಿ ಕಂದಿದಷ್ಟೂ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹೆಚ್ಚುತ್ತದೆಂದು 2002ರಲ್ಲಿ ಸ್ವೀಡನ್ನಿನವರು ಕಂಡುಹಿಡಿದರು. ಕರಿದರೂ ಅಷ್ಟೆ, ಬೇಕ್ ಮಾಡಿದರೂ ಅಷ್ಟೆ. ಬೀಟ್‌ರೂಟು ತಿಂದ ಮರುದಿನ ಮಗುವಿನ ಬಟ್ಟೆಯಲ್ಲಿ ಕೆಂಪು ಕಂಡು ಗಾಬರಿಯಾಗಿ ವೈದ್ಯರಲ್ಲಿಗೆ ಓಡುವವರುಂಟು. ಅದು ಬೀಟ್‌ರೂಟಿನ ಬಣ್ಣವಿರಬಹುದು, ಹಿಂದಿನ ದಿನ ಏನು ಕೊಟ್ಟಿರೆಂದು ಮೊದಲು ನೆನೆಯಿರಿ. ಹೊಸ ಪದಾರ್ಥವನ್ನು ಒಮ್ಮೆಗೆ ಒಂದರಂತೆ ಕೊಟ್ಟರೆ, ಎಳ್ಳೋ ಗೋಧಿಯೋ ಮೈಗೆ ಒಗ್ಗದಿದ್ದರೆ ಯಾವುದೆಂದು ತಿಳಿಯುತ್ತದೆ.

ಇಷ್ಟು ಹೊತ್ತು ರುಚಿಯ ಮಾತಾಯಿತು. ಈಗ ಪ್ರಾಣದ ಮಾತು. ಕೈಯಾರೆ ತಿನ್ನುವ ಕೂಸಿಗೆ ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಭಯ ಇದ್ದೇ ಇದೆ. ಆದುದರಿಂದ ಪ್ರತಿಯೊಂದು ತುಂಡನ್ನೂ ಕೊಡುವ ಮುನ್ನ ನಿಮ್ಮ ಎರಡು ಬೆರಳುಗಳ ನಡುವೆ ಒತ್ತಿ ನೋಡಿರಿ. ಸುಲಭವಾಗಿ ಹಿಸುಕಿಹೋದರೆ ಮಾತ್ರ ಅದು ಮಗುವಿಗೆ ತಕ್ಕದ್ದು. ಹಸಿ ಗಜ್ಜರಿಯ ಬಿಲ್ಲೆ, ಇಡೀ ದ್ರಾಕ್ಷಿ, ಕಡಲೆಬೀಜ, ಜೋಳದ ಅರಳು, ಇವು ಐದು ವರುಷದೊಳಗಿನ ಮಕ್ಕಳ ಕೈಗೆ ಬರಕೂಡದು. ಮಗು ನೆಟ್ಟಗೆ ಕುಳಿತಿರಬೇಕು. ಮಲಗಿ, ಓಡುತ್ತ, ಲೋಕಲ್ ಗಾಡಿಯಲ್ಲಿ ಕುಲುಕುತ್ತ ತಿನ್ನಬಾರದು. ದೊಡ್ಡವರೊಬ್ಬರು ಎದುರಿಗಿರಬೇಕು. ಕಾಗೆ ಗುಬ್ಬಿ ತೋರಿಸಿ ಉಣಿಸುವ ಕಾಲ ಹೋಗಿ ಮೊಬೈಲು ತೋರಿಸಿ ಉಣಿಸುವ ಕಾಲ ಬಂದಿದೆ. ತೆರೆಯ ಮೇಲೆ ಕಣ್ಣಿಟ್ಟ ಮಗುವಿಗೆ ತಾನು ಜಗಿಯುತ್ತಿದ್ದೇನೆಂಬುದೇ ಮರೆತುಹೋಗುತ್ತದೆ.

ಮೊದಮೊದಲು ಮಗು ಓಕರಿಸುತ್ತದೆ, ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ. ಸದ್ದು ಇರುವವರೆಗೆ ಉಸಿರು ಇದೆ. ಅದು ತಾನೇ ತುಂಡನ್ನು ಮುಂದೆ ತಂದುಕೊಳ್ಳುತ್ತಿದೆ. ಭಯಪಡಬೇಕಾದುದು ಮೌನಕ್ಕೆ. ಕೆಮ್ಮಲಾರದೆ, ಅಳಲಾರದೆ, ತುಟಿ ನೀಲಿಗಟ್ಟಿದರೆ ಒಂದು ಕ್ಷಣವನ್ನೂ ಕಳೆಯಕೂಡದು. ವರುಷದೊಳಗಿನ ಕೂಸಾದರೆ ಮುಂಗೈಯ ಮೇಲೆ ಬೋರಲಾಗಿ, ತಲೆ ತಗ್ಗಾಗಿ ಮಲಗಿಸಿ, ಬೆನ್ನಿನ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಬಾರಿ ತಟ್ಟಬೇಕು. ಹೊರಬೀಳದಿದ್ದರೆ ಅಂಗಾತ ಮಾಡಿ ಎದೆಯ ನಡುವಿನ ಎಲುಬನ್ನು 5 ಬಾರಿ ಒತ್ತಬೇಕು. ಹೀಗೆ ಒಂದಾದ ಮೇಲೊಂದು. ವರುಷ ಮೀರಿದ ಮಗುವಿಗೆ ಬೆನ್ನಿಗೆ 5 ಪೆಟ್ಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಗಡೆ ಒಳಕ್ಕೂ ಮೇಲಕ್ಕೂ 5 ಬಾರಿ ಒತ್ತು. ಕಾಣದ ತುಂಡಿಗಾಗಿ ಗಂಟಲಿಗೆ ಬೆರಳು ಹಾಕಕೂಡದು. ಅದು ಇನ್ನೂ ಕೆಳಕ್ಕೆ ಹೋಗುತ್ತದೆ. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಕರೆ ಮಾಡಬೇಕು. ಇದನ್ನು ಓದಿ ಕಲಿಯುವುದಕ್ಕಿಂತ, ಲಸಿಕೆಗೆ ಹೋದಾಗ ದಾದಿಯರಿಂದ ಕೈಯಾರೆ ಕಲಿತು ಬರುವುದು ಲೇಸು. ತಂದೆಯೂ ಕಲಿಯಲಿ, ಅಜ್ಜಿಯೂ ಕಲಿಯಲಿ.

“ಇಷ್ಟೆಲ್ಲ ತಾಪತ್ರಯವೇಕೆ, ಅಂಗಡಿಯಲ್ಲಿ ಕರಿಯದೆ ಬೇಯಿಸಿದ ತರಕಾರಿಯ ಕಡ್ಡಿಗಳು ಸಿಗುತ್ತವಲ್ಲ” ಎನ್ನುವವರಿದ್ದಾರೆ. ಪೊಟ್ಟಣದ ಮುಂಭಾಗದ ಗಜ್ಜರಿಯ ಚಿತ್ರವನ್ನು ನೋಡಬೇಡಿರಿ. ಹಿಂಭಾಗದ ಸಣ್ಣಕ್ಷರವನ್ನು ಓದಿರಿ. ಪದಾರ್ಥಗಳನ್ನು ತೂಕದ ಇಳಿಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಮೊದಲು ಜೋಳದ ಪಿಷ್ಟ, ಬಟಾಟೆ, ಎಣ್ಣೆ ಬಂದು, ಗಜ್ಜರಿಯ ಪುಡಿ ಉಪ್ಪಿನ ಆಸುಪಾಸಿನಲ್ಲಿದ್ದರೆ ಅದು ಎಷ್ಟಿರಬಹುದೆಂದು ನೀವೇ ಊಹಿಸಿರಿ. ಹೆಸರಿಗೂ ಹೂರಣಕ್ಕೂ ಇರುವ ಈ ಅಂತರವನ್ನು ನಾವು ಬಲ್ಲೆವು. ಹೋಟೆಲಿನ ವೆಜಿಟೇಬಲ್ ಕಟ್ಲೆಟ್ಟಿನ ಬಹುಭಾಗ ಬಟಾಟೆಯೇ ಎಂಬುದು ಈ ಊರಿನ ಯಾವ ಅಡುಗೆಭಟ್ಟರಿಗೆ ಗೊತ್ತಿಲ್ಲ?

ಮೊದಲ ದಿನವೇ ಮಗು ತಿಂದುಬಿಡುತ್ತದೆಂದು ನಾವು ಆಶ್ವಾಸನೆ ಕೊಡಲಾರೆವು. ಮೂಸುತ್ತದೆ, ಹಿಚುಕುತ್ತದೆ, ತಲೆಗೆ ಸವರಿಕೊಳ್ಳುತ್ತದೆ, ಎಸೆಯುತ್ತದೆ. ಒಂದು ಹೊಸ ರುಚಿಗೆ ಒಗ್ಗಲು ಎಂಟು ಹತ್ತು ಬಾರಿಯ ಪರಿಚಯ ಬೇಕಾಗುವುದುಂಟು. ಮೂರನೆಯ ಸಲಕ್ಕೇ “ಇದಕ್ಕೆ ಸೋರೆ ಆಗದು” ಎಂದು ತೀರ್ಪು ಕೊಡುವುದು ಅವಸರ. ಗದರಿಸಿ ತಿನ್ನಿಸಬೇಡಿರಿ, ತಿಂದರೆ ಚಾಕೊಲೇಟು ಎಂಬ ಲಂಚವನ್ನೂ ಒಡ್ಡಬೇಡಿರಿ. ಹತ್ತು ಅಡಿಯ ಖೋಲಿಯಲ್ಲಿ ನೆಲವೆಲ್ಲ ಕೊಳೆಯಾಗುವುದು ಕಷ್ಟವೇ ಸರಿ. ಮಗುವಿನ ಕೆಳಗೆ ನಮ್ಮ ಪತ್ರಿಕೆಯ ನಿನ್ನೆಯ ಸಂಚಿಕೆಯನ್ನು ಹಾಸಿದರೆ ನಮಗೆ ಬೇಸರವಿಲ್ಲ. ತಿಂಡಿಯನ್ನು ಮಾತ್ರ ಅದರ ಮೇಲಿಡಬೇಡಿರಿ, ಅದರಲ್ಲಿ ಕಟ್ಟಿಯೂ ಕೊಡಬೇಡಿರಿ. ಮುದ್ರಣದ ಮಸಿ ಆಹಾರಕ್ಕೆ ಹತ್ತುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರದವರು 2016ರಲ್ಲಿಯೂ 2023ರಲ್ಲಿಯೂ ಎಚ್ಚರಿಸಿದ್ದಾರೆ.

ನಮ್ಮ ಹೋಟೆಲು ಬಾಂಧವರಲ್ಲಿಯೂ ಒಂದು ವಿನಂತಿ. ತಿಂಡಿಪಟ್ಟಿಯಲ್ಲಿ ಮಕ್ಕಳಿಗೆಂದು ಬರೆದಿರುವುದು ಕರಿದ ಬಟಾಟೆ ಮತ್ತು ಚೀಸಿನ ದೋಸೆ. ಮಧ್ಯಾಹ್ನ ಮೂರರ ಹೊತ್ತಿಗೆ ಸಾಗುವಿಗೆಂದು ಹೆಚ್ಚಿಟ್ಟ ತರಕಾರಿಯಿದೆ, ಹುದುಗಿದ ಹಿಟ್ಟಿದೆ, ಬಿಡುವಾದ ಕೈಗಳಿವೆ. ಉಪ್ಪು ಕಾರ ಹಾಕದ ಒಂದು ತಟ್ಟೆ ಹಾಂಡವೋ ಬೇಯಿಸಿಡಲು ಯಾವ ದೊಡ್ಡ ಬಂಡವಾಳವೂ ಬೇಡ. ಅದರಿಂದ ಲಾಭ ಅಷ್ಟಕ್ಕಷ್ಟೇ ಎಂಬುದನ್ನೂ ಮುಚ್ಚಿಡುವುದಿಲ್ಲ. ಆದರೆ ಮಗು ನೆಮ್ಮದಿಯಿಂದ ತಿನ್ನುತ್ತಿದ್ದರೆ ತಂದೆತಾಯಿಗಳು ಎರಡನೆಯ ಕಾಫಿ ತರಿಸುತ್ತಾರೆಂಬುದು ಗಲ್ಲಾಪೆಟ್ಟಿಗೆಯ ಅನುಭವ.

ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಮಗು ಹಗಲೆಲ್ಲ ಪಾಳಣಾಘರದಲ್ಲಿರುತ್ತದೆ. ಅಲ್ಲಿಗೆ ಕಳುಹಿಸುವವರು ತುಂಡುಗಳನ್ನು ಪೂರ್ತಿ ಆರಿಸಿಯೇ ಡಬ್ಬಿಗೆ ಹಾಕಬೇಕು. ಬಿಸಿಯಿರುವಾಗ ಮುಚ್ಚಿದರೆ ಬೆವರಿ ಹಳಸುತ್ತವೆ. ಡಬ್ಬಿಯನ್ನು ತಂಪು ಪೆಟ್ಟಿಗೆಯಲ್ಲಿಡಿರೆಂದು ಅಲ್ಲಿಯ ಬಾಯಿಯವರಿಗೆ ಹೇಳಿ, ಬೆಳಗಿನ ತಿಂಡಿಯ ಹೊತ್ತಿಗೇ ಮುಗಿಸುವಂತೆ ಕೇಳಿಕೊಳ್ಳಿರಿ. ಉಸಿರು ಸಿಕ್ಕಿದಾಗ ಮಾಡಬೇಕಾದುದು ಅವರಿಗೆ ತಿಳಿದಿದೆಯೇ ಎಂದೂ ಸಂಕೋಚವಿಲ್ಲದೆ ವಿಚಾರಿಸಿರಿ. ತಂಪು ಪೆಟ್ಟಿಗೆಯಲ್ಲಿಟ್ಟುದನ್ನು ಒಂದು ದಿನದೊಳಗೆ, ಕಾವಲಿಯ ಮೇಲೆ ಚೆನ್ನಾಗಿ ಬಿಸಿಮಾಡಿ, ಮತ್ತೆ ಆರಿಸಿ ಕೊಡಬಹುದು. ಅದಕ್ಕೂ ಮೀರಿ ಮಗುವಿಗೆ ಬೇಡ. ಸಂಜೆಗೆ ಉಳಿದ ತುಂಡುಗಳಿಗೆ ಸಾಸಿವೆ, ಹಸಿಮೆಣಸಿನ ಒಗ್ಗರಣೆ ಕೊಟ್ಟರೆ ಕೆಲಸದಿಂದ ಬಂದವರ ಚಹಕ್ಕೆ ಜೊತೆಯಾಗುತ್ತದೆ.